ನೂಲಿನ ಲೆಕ್ಕ, ಸ್ವಂತ ತಂತ್ರಾಂಶ

'ಸಾಹೇಬ್ರ, ನಮಗ ಬ್ಯಾರೆ ಸಾಫ್ಟ್‌ವೇರ್ ಬರೆಸೂದು ಚಲೋನೋ, ಟ್ಯಾಲಿನ ಸಾಕೋ?' ಗಜೇಂದ್ರಗಡದ ಸೀರೆ ವ್ಯಾಪಾರಿಯೊಬ್ಬರು ಈಚೆಗೆ ನನ್ನನ್ನು ಕೇಳಿದರು. ನೇಕಾರರ ಮನೆಗೆ ನೂಲನ್ನು ತೂಗಿ ಕೊಡುವುದು, ಸೀರೆ ಬಂದಾಗ ತೂಕ ತಾಳೆ ನೋಡಿ, ಮುಂಗಡ ಮುರಿದುಕೊಂಡು ಮಜೂರಿ ಕೊಡುವುದು ಅವರ ವಹಿವಾಟು. ಈ ಲೆಕ್ಕ ಇಂದಿಗೂ ವಹಿಯಲ್ಲೇ ಇದೆ.

ಭೂಮಿ ಯೋಜನೆಯ ಕಾಲದಲ್ಲಿ ನಾನು ಸರ್ಕಾರಿ ಸೇವೆಯಲ್ಲಿದ್ದೆ. ನಮ್ಮ ಪಹಣಿಗೆ ಹೊಂದುವ ಸಿದ್ಧ ತಂತ್ರಾಂಶ ಮಾರುಕಟ್ಟೆಯಲ್ಲಿರಲಿಲ್ಲ. ಎನ್‌ಐಸಿ ಹೊಸದಾಗಿಯೇ ರಚಿಸಬೇಕಾಯಿತು. ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೇರಿದವು. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಮಾತು ಬೇರೆ. ಸಾಲ, ಬಡ್ಡಿ, ಠೇವಣಿಗಳ ಲೆಕ್ಕ ರೋಣದಲ್ಲೊಂದು, ನರಗುಂದದಲ್ಲೊಂದು ಎಂದಿಲ್ಲ. 2022ರಲ್ಲಿ ಕೇಂದ್ರ ಸರ್ಕಾರ 63,000 ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿ ಮಂಜೂರು ಮಾಡಿ, ಎಲ್ಲಕ್ಕೂ ಒಂದೇ ತಂತ್ರಾಂಶವೆಂದದ್ದು ನನಗೆ ಸರಿಯೆನಿಸುತ್ತದೆ.

ವ್ಯಾಪಾರಿಯ ಜಿಎಸ್‌ಟಿ, ಖಾತೆಗಳಿಗೆ ಟ್ಯಾಲಿ ಧಾರಾಳವಾಗಿ ಸಾಕು. ಸ್ವಂತದ್ದು ಬೇಕಾದರೆ ನೂಲಿನ ಲೆಕ್ಕಕ್ಕೆ ಮಾತ್ರ. ಅದರಲ್ಲೂ ಬರೆಸುವ ಖರ್ಚು ಒಮ್ಮೆಯದು, ತಿದ್ದಿಸುವ ಖರ್ಚು ವರ್ಷವರ್ಷದ್ದು. ಬರೆದುಕೊಟ್ಟ ಹುಡುಗ ಬೆಂಗಳೂರಿಗೆ ನೌಕರಿಗೆ ಹೋದರೆ ಯಾರನ್ನು ಹುಡುಕುವುದು? (ಅರ್ಥಶಾಸ್ತ್ರದ ತರಗತಿಯಲ್ಲಿ ಈ ಹುಡುಗನ ಪ್ರಸ್ತಾಪ ಬರುವುದಿಲ್ಲ.)

ಆರು ತಿಂಗಳು ನೂಲಿನ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಬರೆದು, ಅದು ಎಲ್ಲಿ ಸಾಲದೆಂದು ಗುರುತು ಹಾಕಿಕೊಳ್ಳಿ ಎಂದೆ. ಅವರ ಮಗಳು ಈಗ ಬರೆಯುತ್ತಿದ್ದಾಳೆ. ಮೊದಲ ತಿಂಗಳಲ್ಲೇ ವಹಿಗೂ ಎಕ್ಸೆಲ್‌ಗೂ ಮೂರು ಕಿಲೋ ನೂಲಿನ ವ್ಯತ್ಯಾಸ ಬಂದಿದೆ; ತಪ್ಪು ವಹಿಯದು.