ದಾದಿ ಕೇಳುವ ಪ್ರಶ್ನೆ

ಹೆರಿಗೆಗೆಂದು ಆಸ್ಪತ್ರೆಗೆ ಸೇರಿಸಿದ ದಿನ ದಾದಿಯು ಬರೆದುಕೊಳ್ಳುವ ವಿವರಗಳಲ್ಲಿ ಒಂದು ಪ್ರಶ್ನೆಯುಂಟು: “ಮದ್ಯ, ತಂಬಾಕು, ನಿದ್ರೆಯ ಮಾತ್ರೆ, ಏನಾದರೂ ಅಭ್ಯಾಸವಿದೆಯೇ?” ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆಯವರು, ತಮಗೆ ಬರುವಷ್ಟು ಗುಜರಾತಿಯಲ್ಲಿ, “ನಮ್ಮ ಮನೆತನದಲ್ಲಿ ಅಂಥಾದ್ದೇನೂ ಇಲ್ಲ, ಬೆನ್” ಎಂದುಬಿಡುತ್ತಾರೆ. ನವರಂಗಪುರದ ನಮಗೆ ಈ ಉತ್ತರ ಇನ್ನೂ ಸುಲಭ. 1949ರ ಮದ್ಯನಿಷೇಧ ಕಾಯಿದೆಯಂತೆ ಪರವಾನಗಿಯಿಲ್ಲದೆ ಕುಡಿಯುವುದೇ ಅಪರಾಧವಾದ ರಾಜ್ಯದಲ್ಲಿ ಯಾರು ತಾನೆ ಹೌದೆಂದಾರು?

ಆದರೆ ಈ ಪ್ರಶ್ನೆ ಮನೆತನದ ಮರ್ಯಾದೆ ಅಳೆಯಲು ಕೇಳಿದ್ದಲ್ಲ. ಬಸುರಿನಲ್ಲಿ ತಾಯಿ ಕುಡಿದರೆ ಕೂಸಿನ ಮುಖದ ರೂಪಕ್ಕೂ ಬುದ್ಧಿಗೂ ಊನ ಬರಬಹುದೆಂದು ಸಿಯಾಟಲಿನ ವೈದ್ಯರು 1973ರಲ್ಲಿ ವಿವರಿಸಿ ಅದಕ್ಕೊಂದು ಹೆಸರಿಟ್ಟರು. ಅಫೀಮಿನ ಕುಲದ ಔಷಧಿಗಳ ರೀತಿಯೇ ಬೇರೆ. ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ಕೂಸಿಗೆ ಅದು ನಿಂತುಹೋಗುತ್ತದೆ. ಒಂದೆರಡು ದಿನಗಳಲ್ಲಿ ಕೀರಲು ಅಳು, ನಡುಕ, ಮೊಲೆ ಚೀಪಲಾರದ ಚಡಪಡಿಕೆ ಕಾಣಿಸಿಕೊಳ್ಳುತ್ತವೆ. ಇದು ಬೀದಿಯ ಚಟದವರ ಮಾತು ಮಾತ್ರವಲ್ಲ. ಕೆಮ್ಮಿನ ಕೋಡೀನ್ ಸಿರಪ್ಪು, ನೋವಿನ ಟ್ರಮಡಾಲ್ ಮಾತ್ರೆ ಕೂಡ ಅದೇ ಕುಲದವು. ಅಫೀಮಿನ ಪ್ರಭಾವ ಇಳಿಸುವ ನಲೋಕ್ಸೋನ್ ಎಂಬ ಮದ್ದುಂಟು. ತಾಯಿಗೆ ಅಭ್ಯಾಸವಿದ್ದುದು ತಿಳಿಯದೆ ಕೂಸಿಗೆ ಅದನ್ನು ಕೊಟ್ಟರೆ ಫಿಟ್ಸ್ ಬರಬಹುದು. ಅತ್ತೆಯವರ ಒಂದು ಸುಳ್ಳಿನ ಬೆಲೆ ಇಷ್ಟು.

ಹಳೆಯ ಮುಂಬಯಿ ಪ್ರಾಂತ್ಯದ ಕಥೆಯೊಂದನ್ನು ಇಲ್ಲಿ ನೆನೆಯಬೇಕು. ಅಹಮದಾಬಾದು ಆಗ ಅದಕ್ಕೇ ಸೇರಿತ್ತು, ನಮ್ಮ ಧಾರವಾಡ ಬಿಜಾಪುರಗಳೂ ಕೂಡ. ಮುಂಬಯಿಯ ಗಿರಣಿ ಹೆಂಗಸರ ಬಾಣಂತನವನ್ನು ಕುರಿತು ಡಾ. ಬಾರ್ನ್ಸ್ ಎಂಬ ವೈದ್ಯೆ 1922ರಲ್ಲಿ ವರದಿ ಬರೆದರು. ಅವರ ಲೆಕ್ಕದಂತೆ ಆ ಕೂಸುಗಳಲ್ಲಿ ನೂರಕ್ಕೆ 98ಕ್ಕೆ ಅಫೀಮು ತಿನ್ನಿಸುತ್ತಿದ್ದರು. ‘ಬಾಳಾಗೋಳಿ’ ಎಂದು ಅದಕ್ಕೆ ಮುದ್ದಿನ ಹೆಸರು ಬೇರೆ! ಆ ತಾಯಂದಿರೇನು ಕಟುಕರಲ್ಲ. ಗಿರಣಿಯ ಕೂಗು ಕೇಳಿದೊಡನೆ ಓಡಬೇಕು, ಮನೆಯಲ್ಲಿ ಎತ್ತಿಕೊಳ್ಳುವವರಿಲ್ಲ. ಅವರನ್ನು ಜೈಲಿಗೆ ಹಾಕಿದ್ದರೆ ಕೂಸು ಬದುಕುತ್ತಿತ್ತೆ?

ಇಂದಿನ ನಮ್ಮ ಕಾನೂನು ಏನೆನ್ನುತ್ತದೆ? ವೈದ್ಯರ ಆಜ್ಞೆಯಿಲ್ಲದೆ ಮಗುವಿಗೆ ಮದ್ಯ, ಮಾದಕ ವಸ್ತು, ತಂಬಾಕು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯಿದೆಯಲ್ಲಿ ಏಳು ವರ್ಷದವರೆಗೆ ಶಿಕ್ಷೆಯುಂಟು. ನೆಗಡಿಗೆಂದು ಕೂಸಿನ ನಾಲಗೆಗೆ ಬ್ರಾಂದಿ ಸವರುವ ಅಜ್ಜಿಯರು ಗಮನಿಸಬೇಕು. ಆಸರೆ ಬೇಕಾದ ಮಗುವನ್ನು ದಾದಿ, ವೈದ್ಯರು, ಹೆರಿಗೆ ಆಸ್ಪತ್ರೆಯವರು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬಹುದೆಂದೂ ಅದೇ ಕಾಯಿದೆ ಹೇಳುತ್ತದೆ. ‘ತರಬಹುದು’ ಎಂದೇ ಹೊರತು ‘ತರತಕ್ಕದ್ದು’ ಎಂದಲ್ಲ. ಕಾಗದಪತ್ರಗಳ ನಡುವೆ ಬಾಳುವ ನಮ್ಮಂಥ ಗುಮಾಸ್ತರಿಗೆ ಈ ಎರಡು ಪದಗಳ ಅಂತರ ಚೆನ್ನಾಗಿ ಗೊತ್ತು. ತಾನಾಗಿ ಬಂದು ಸರ್ಕಾರ ಒಪ್ಪಿದ ಆಸ್ಪತ್ರೆಯಲ್ಲಿ ಚಟ ಬಿಡಿಸಿಕೊಳ್ಳುವವರಿಗೆ ಸೇವನೆಯ ಮೊಕದ್ದಮೆಯಿಂದ ವಿನಾಯಿತಿಯೂ ಉಂಟು. 1985ರ ಮಾದಕ ವಸ್ತು ಕಾಯಿದೆಯ 64ಎ ಕಲಮನ್ನು ನೋಡಬಹುದು. ಸಲಹೆಗೆ 14446, ಮಕ್ಕಳ ವಿಷಯಕ್ಕೆ 1098.

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಡುವ ತಾಯಂದಿರು ನಮ್ಮಲ್ಲಿ ಈಗ ಬಹಳ. ಅಲ್ಲಿ ಮಾತು ಬೇರೆ. ಮಾದಕದ ಸೋಂಕು ತಗಲಿದ ನವಜಾತ ಶಿಶುವಿನ ವಿಷಯವನ್ನು ಆಸ್ಪತ್ರೆಯವರು ಮಕ್ಕಳ ರಕ್ಷಣಾ ಇಲಾಖೆಗೆ ತಿಳಿಸುವಂತೆ ರಾಜ್ಯಗಳು ಏರ್ಪಾಡು ಮಾಡಬೇಕೆಂದು 2003ರ ತಿದ್ದುಪಡಿ ವಿಧಿಸಿತು. ಈ ತಿಳಿವಳಿಕೆ ತಾಯಿಯ ಮೇಲಿನ ಮೊಕದ್ದಮೆಗೆಂದಲ್ಲ, ಕೂಸಿನ ಆರೈಕೆಯ ಯೋಜನೆಗೆಂದೇ ಆ ಕಾನೂನಿನ ಆಶಯ. ನಮಗೆ ಅದು ಸರಿಯೆನಿಸುತ್ತದೆ. ಚಾರ್ಲ್ಸ್‌ಟನ್ನಿನ ಆಸ್ಪತ್ರೆಯೊಂದು ಗರ್ಭಿಣಿಯರ ಮೂತ್ರ ಪರೀಕ್ಷೆಯ ಫಲವನ್ನು ಪೋಲೀಸರಿಗೆ ಒಪ್ಪಿಸುತ್ತಿದ್ದಾಗ, ಒಪ್ಪಿಗೆಯಿಲ್ಲದ ಅಂಥ ಪರೀಕ್ಷೆ ಸಂವಿಧಾನಕ್ಕೆ ವಿರುದ್ಧವೆಂದು ಅಲ್ಲಿನ ಸುಪ್ರೀಂ ಕೋರ್ಟು 2001ರಲ್ಲಿ ತೀರ್ಪಿತ್ತಿತು. ಪೋಲೀಸರ ಭಯವಿದ್ದಲ್ಲಿ ಬಸುರಿ ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತಳು.

ಪರೀಕ್ಷೆಯೂ ಎಡವುವುದುಂಟು. 2010ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಗಸಗಸೆ ಉದುರಿಸಿದ ರೊಟ್ಟಿ ತಿಂದಿದ್ದ ತಾಯಿಯೊಬ್ಬಳ ಮೂತ್ರದಲ್ಲಿ ಅಫೀಮಿನ ಅಂಶ ಕಂಡಿತೆಂದು ಮೂರು ದಿನದ ಕೂಸನ್ನೇ ಕೊಂಡೊಯ್ದರು. ಐದು ದಿನ ಕಳೆದ ಮೇಲೆ ಹಿಂದಕ್ಕೆ ಕೊಟ್ಟರು. ಗಸಗಸೆಯು ಅಫೀಮು ಗಿಡದ ಬೀಜವೇ ತಾನೆ; ಕಾಯಿಯ ಹಾಲು ಅಷ್ಟಿಷ್ಟು ಅದಕ್ಕಂಟಿರುತ್ತದೆ. ಹಬ್ಬದೂಟಕ್ಕೆ ಗಸಗಸೆ ಪಾಯಸವಿಲ್ಲದೆ ತೃಪ್ತಿಪಡದವರು ನಾವು. ದಿನ ತುಂಬಿದ ಮಗಳಿಗೆ ಅಲ್ಲಿ ಅದನ್ನು ಮಾಡಿ ಬಡಿಸದಿರುವುದೇ ಕ್ಷೇಮ. ಬಡಿಸಿದ್ದಾದರೆ, ಪರೀಕ್ಷೆಗೆ ಮೂತ್ರ ಕೊಡುವ ಮುಂಚೆಯೇ ದಾದಿಗೆ ಹೇಳಿ ಬರೆಯಿಸಿರಿ.