ಲೇಖನಲೋಪವಿಚಾರ

ಅಕ್ಷರಸ್ಥನಾದವನು ಮಿದುಳಿನ ಆಘಾತಕ್ಕೀಡಾಗಿ, ಕೈಯ ಬಲವು ಕುಂದದಿದ್ದರೂ ಬರೆಯಲಾರದೆ ಹೋಗುವುದುಂಟು. ಬೆರಳು ಲೇಖನಿಯನ್ನು ಹಿಡಿಯುವುದು. ಪದವು ಕಾಗದಕ್ಕೆ ಇಳಿಯದು, ಇಳಿದರೂ ಅಕ್ಷರಗಳು ತಪ್ಪುವುವು. ಇದಕ್ಕೆ 1867ರಲ್ಲಿ ಆಂಗ್ಲವೈದ್ಯರಾದ ವಿಲಿಯಂ ಓಗಲ್ ಎಂಬವರು ‘ಅಗ್ರಾಫಿಯ’ ಎಂಬ ಹೆಸರನ್ನು ಪ್ರಯೋಗಿಸಿದರು. ಈ ಗ್ರೀಕ್ ಪದದ ಆದಿಯ ಅಕಾರವು ಸಂಸ್ಕೃತದ ನಿಷೇಧಾರ್ಥಕ ಅಕಾರದ ಸೋದರವೇ ಆಗಿದೆ. ಕನ್ನಡದಲ್ಲಿ ‘ಲೇಖನಲೋಪ’ವೆನ್ನಬಹುದು.

ಓದುಬರೆಹಗಳು ಒಂದೇ ಶಕ್ತಿಯ ಎರಡು ಮುಖಗಳೆಂದು ಸಾಮಾನ್ಯವಾಗಿ ಭಾವಿಸುವರು. ರೋಗಿಗಳ ಸ್ಥಿತಿಯು ಇದಕ್ಕೆ ವಿರುದ್ಧವಾಗಿದೆ. ಫ್ರಾನ್ಸಿನ ವೈದ್ಯರಾದ ಡೆಜರೀನ್ ಅವರು 1892ರಲ್ಲಿ ವರ್ಣಿಸಿದ ವರ್ತಕನೊಬ್ಬನು 1887ರಲ್ಲಿ ಹಠಾತ್ತಾಗಿ ಓದುವ ಶಕ್ತಿಯನ್ನು ಕಳೆದುಕೊಂಡನು. ಆದರೂ ಹೇಳಿದುದನ್ನು ಬರೆಯುತ್ತಿದ್ದನು. ತಾನು ಬರೆದುದನ್ನು ತಾನೇ ಓದಲಾರನು! 1892ರಲ್ಲಿ, ಮರಣಕ್ಕೆ ಕೆಲವೇ ದಿನಗಳ ಮುಂಚೆ, ಎರಡನೆಯ ಆಘಾತದಿಂದ ಬರೆಯುವ ಶಕ್ತಿಯೂ ಹೋಯಿತು. ಶವಪರೀಕ್ಷೆಯಲ್ಲಿ ಎಡಮಿದುಳಿನ ಹಿಂಭಾಗದಲ್ಲಿ ಹಳೆಯ ಹಾನಿಯೂ, ಅದರ ಮುಂದಣ ಕೋನಾಕಾರದ ಮಡಿಕೆಯಲ್ಲಿ ಹೊಸ ಹಾನಿಯೂ ಕಂಡುಬಂದುವು.

ಬರೆಹಕ್ಕೂ ಮಾರ್ಗವೊಂದೇ ಅಲ್ಲ. 1981ರಲ್ಲಿ ಶ್ಯಾಲಿಸ್ ಎಂಬವರು ವರ್ಣಿಸಿದ ಆಂಗ್ಲರೋಗಿಯು ಪರಿಚಿತ ಪದಗಳನ್ನು ಬಹುಮಟ್ಟಿಗೆ ಸರಿಯಾಗಿ ಬರೆಯುತ್ತಿದ್ದನು. ಶಾಸ್ತ್ರಕಾರರ ಡಿತ್ಥ ಡವಿತ್ಥಗಳಂತಹ ಅಪರಿಚಿತ ಶಬ್ದವನ್ನು ಹೇಳಿದರೆ ಬರೆಯಲಾರನು. ಅದೇ ವರ್ಷ ಬೋವ್ವಾ ಮತ್ತು ದೆರೂಯೆನೆ ಎಂಬವರು ವರ್ಣಿಸಿದ ಫ್ರೆಂಚ್ ರೋಗಿಯದು ಇದಕ್ಕೆ ವಿಪರೀತ: ಅರ್ಥವಿಲ್ಲದ ಶಬ್ದವನ್ನು ಬರೆಯಬಲ್ಲನು, ಧ್ವನಿಯನ್ನನುಸರಿಸದ ರೂಢಿಯ ಪದಗಳಲ್ಲಿ ತಪ್ಪುವನು. ಆದುದರಿಂದ ಧ್ವನಿಯನ್ನು ಅಕ್ಷರವಾಗಿಸುವ ಮಾರ್ಗವೊಂದು, ಪದದ ರೂಪವನ್ನೇ ಸ್ಮರಣೆಯಿಂದ ತೆಗೆಯುವ ಮಾರ್ಗವಿನ್ನೊಂದು ಎಂದು ತಿಳಿಯಬೇಕಾಗಿದೆ.

ಕನ್ನಡದಲ್ಲಿ ಉಚ್ಚಾರಕ್ಕೂ ಲಿಪಿಗೂ ಸಾಮೀಪ್ಯವು ಹೆಚ್ಚು. ಪದಸ್ಮರಣೆಯ ಮಾರ್ಗವು ಕೆಟ್ಟವನೂ ‘ಮರ’, ‘ಕೆರೆ’ಗಳನ್ನು ಧ್ವನಿಯ ಬಲದಿಂದಲೇ ಬರೆದಾನು, ರೋಗವು ಮರೆಯಾಗಿಯೇ ಉಳಿದೀತು. ಮಹಾಪ್ರಾಣಗಳಲ್ಲಿ ಮಾತ್ರ ಅದು ಹೊರಬೀಳುವ ಸಂಭವವುಂಟು. ಅನೇಕರ ಆಡುಮಾತಿನಲ್ಲಿ ಐಶ್ವರ್ಯವಾಚಕವಾದ ‘ಧನ’ವೂ ಪಶುವಾಚಕವಾದ ‘ದನ’ವೂ ಒಂದೇ ಆಗಿ ಕೇಳಿಸುತ್ತವೆ. ಅಂಥವನಿಗೆ ‘ಧನವಂತ’ ಎಂದು ಬರೆಯಲು ಕಿವಿ ಸಾಲದು, ಪದದ ನೆನಪೇ ಬೇಕು. ‘ಭಾಷೆ’ಯ ಷಕಾರವೂ ಹೀಗೆಯೇ. ಕಾಗುಣಿತವನ್ನು ಮೊದಲೇ ಸರಿಯಾಗಿ ಕಲಿಯದವನೂ ಇವೇ ತಪ್ಪುಗಳನ್ನು ಮಾಡುವನಷ್ಟೆ. ಆದಕಾರಣ ಪರೀಕ್ಷಕರು ರೋಗಿಯ ಹಳೆಯ ಪತ್ರಗಳನ್ನೂ ಲೆಕ್ಕದ ಪುಸ್ತಕಗಳನ್ನೂ ತರಿಸಿ ನೋಡದೆ, ತಪ್ಪು ಆಘಾತದಿಂದ ಬಂದುದೋ ಅಭ್ಯಾಸದಿಂದ ಬಂದುದೋ ಎಂದು ನಿರ್ಣಯಿಸಲಾಗದು.