ಚೈನು ನಿಜಕ್ಕೂ ಹಿಗ್ಗುತ್ತದೆಯೇ?

ಬೆಟ್ಟ ಹತ್ತುವ ವಿದ್ಯುತ್ ಸೈಕಲ್ಲಿನ ಚೈನು ಬೇಗನೆ ‘ಹಿಗ್ಗುತ್ತದೆ’ ಎನ್ನುವುದನ್ನು ನೀವು ಕೇಳಿರಬಹುದು. ವಾಸ್ತವವಾಗಿ ಉಕ್ಕಿನ ಪಟ್ಟಿಗಳು ಹಿಗ್ಗುವುದಿಲ್ಲ. ಮಣ್ಣು ಬೆರೆತ ಎಣ್ಣೆ ಕೊಂಡಿಗಳ ಪಿನ್ನುಗಳನ್ನು ಉಜ್ಜಿ ಸವೆಸುತ್ತದೆ. ಒಂದೊಂದು ಕೀಲಿನ ಸಡಿಲವೂ ಕೂಡಿ ಚೈನು ಉದ್ದವಾಗುತ್ತದೆ. ಮೋಟಾರು ಪೆಡಲಿನ ಬಳಿ ಇದ್ದರೆ ನಿಮ್ಮ ಕಾಲಿನ ಬಲದ ಜೊತೆಗೆ ಮೋಟಾರಿನ ಬಲವೂ ಚೈನಿನ ಮೂಲಕವೇ ಹಿಂಚಕ್ರಕ್ಕೆ ಹೋಗಬೇಕು. ಆದ್ದರಿಂದ ಸವೆತ ಬೇಗ. (ಹಿಂಚಕ್ರದ ಹಬ್‌ನಲ್ಲೇ ಮೋಟಾರಿದ್ದರೆ ಈ ಹೆಚ್ಚಿನ ಹೊರೆ ಇಲ್ಲ.)

ನೀವೇ ಅಳೆದು ನೋಡಿ. ಹೊಸ ಚೈನಿನ 24 ಕೊಂಡಿಗಳ ಉದ್ದ, ಪಿನ್ನಿನ ನಡುವಿನಿಂದ ಪಿನ್ನಿನ ನಡುವಿಗೆ, 304.8 ಮಿ.ಮೀ. ಅದು ಶೇ. 0.5ರಷ್ಟು, ಅಂದರೆ ಸುಮಾರು 1.5 ಮಿ.ಮೀ. ಹೆಚ್ಚಿದ್ದರೆ 11–12 ಗೇರಿನ ಸೈಕಲ್ಲಿಗೆ ಹೊಸ ಚೈನು ಹಾಕಿಸಿ. ತಡಮಾಡಿದರೆ ಹಿಂದಿನ ಹಲ್ಲುಚಕ್ರಗಳೂ ಸವೆಯುತ್ತವೆ. ಅವುಗಳ ಬೆಲೆ ಚೈನಿಗಿಂತ ಬಹಳ ಹೆಚ್ಚು.